ಜಾಲತಾಣ ಯಾರ ಹೆಸರಿನಲ್ಲಿದೆ?

ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯಿಸಿ ಮಾರುವ ನೀವು, ಫೇಸ್‌ಬುಕ್ ಪುಟ ಇರುವಾಗ ಸ್ವಂತ ಜಾಲತಾಣ ಯಾಕೆ ಎಂದು ಕೇಳಿದ್ದೀರಿ. ಬೇಕೇ ಬೇಕು ಎನ್ನುತ್ತೇನೆ, ಏಕೆಂದರೆ ಬೇರೆಯವರ ವೇದಿಕೆ ಎಂದಾದರೂ ಇಲ್ಲವಾಗಬಹುದು. 2019ರಲ್ಲಿ ಗೂಗಲ್ ಪ್ಲಸ್ ಬಾಗಿಲು ಮುಚ್ಚಿತು. 2020ರ ಜೂನ್‌ನಲ್ಲಿ ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಗಿರಾಕಿಗಳೂ ಕೈತಪ್ಪಿದರು. ಪುಟ ಇರಲಿ, ಆದರೆ ಸೀರೆಗಳ ಚಿತ್ರ, ಬೆಲೆ, ವಿಳಾಸ ನಿಮ್ಮದೇ ಡೊಮೈನ್‌ನಲ್ಲಿ, ಅಂದರೆ ಜಾಲತಾಣದ ಸ್ವಂತ ಹೆಸರಿನಲ್ಲಿ ಇರಲಿ.

ಖರ್ಚು ಹೆಚ್ಚಲ್ಲವೇ ಎಂಬ ಅಳುಕು ಸಹಜ. ನಾಲ್ಕಾರು ಸರಳ ಪುಟಗಳನ್ನು ಉಚಿತವಾಗಿಯೇ ಇಡಲು ಬಿಡುವ ಸೇವೆಗಳಿವೆ. ತಪ್ಪದೆ ಕಟ್ಟಬೇಕಾದದ್ದು ಡೊಮೈನ್‌ನ ವಾರ್ಷಿಕ ಶುಲ್ಕ. ಅದನ್ನು ಮರೆತರೆ ಹೆಸರು ಬೇರೆಯವರ ಪಾಲಾಗಬಹುದು. ಇನ್ನು ಪುಟಗಳ ಬರಹದ ವಿಷಯ: ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಹಾಗೇ ಅಂಟಿಸಬೇಡಿ. ಗಿರಾಕಿಯ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ಗೂಗಲ್ ಹುಡುಕಾಟಕ್ಕೂ ಸಿಗುವುದಿಲ್ಲ, ಯೂನಿಕೋಡ್‌ಗೆ ಬದಲಿಸಿ. ಐದು ಎಂಬಿಯ ಸೆರಗಿನ ಫೋಟೊವನ್ನು ಇನ್ನೂರು ಕೆಬಿಗೆ ಇಳಿಸಿದರೆ ಹನೂರಿನ ಕಾಡಂಚಿನ ದುರ್ಬಲ ಸಿಗ್ನಲ್‌ನಲ್ಲೂ, ಯಳಂದೂರಿನ ಬಸ್ಸಿನಲ್ಲೂ ಬೇಗ ತೆರೆದುಕೊಳ್ಳುತ್ತದೆ. ಎಲ್ಲದರ ಒಂದು ಪ್ರತಿ ನಿಮ್ಮ ಬಳಿಯ ಪೆನ್‌ಡ್ರೈವ್‌ನಲ್ಲೂ ಇರಲಿ.

ಜಾಲತಾಣ ಮಾಡಿಕೊಡುವವರಿಗೆ ಮುಂಗಡ ಕೊಡುವ ಮುನ್ನ, ಡೊಮೈನ್ ನಿಮ್ಮ ಹೆಸರು, ನಿಮ್ಮ ಇಮೇಲ್‌ನಲ್ಲೇ ನೋಂದಣಿಯಾಗಬೇಕೆಂದು ಬರೆಸಿಕೊಳ್ಳಿ.