ಜಾಲದೊಳಗಿನ ಗಡಿಗೆರೆ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಿಂದ ಎರಡು ಕಾಗದಗಳು ಹೊರಡುತ್ತವೆ ಎಂದು ಭಾವಿಸೋಣ. ಒಂದು ಮಳವಳ್ಳಿಗೆ, ಮತ್ತೊಂದು ಧಾರವಾಡಕ್ಕೆ. ಮಳವಳ್ಳಿಯ ಪಿನ್ ಸಂಖ್ಯೆ 571430, ಧಾರವಾಡದ್ದು 580001. 1972ರ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಜಾರಿಗೆ ಬಂದ ಈ ಪದ್ಧತಿಯಲ್ಲಿ ಮೊದಲ ಮೂರು ಅಂಕಿಗಳು ಅಂಚೆಯ ವಿಂಗಡಣಾ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಮದ್ದೂರಿನ ಸಂಖ್ಯೆ 571428. ಆದುದರಿಂದ ಕೊನೆಯ ಮೂರು ಅಂಕಿಗಳನ್ನು ಬೆರಳಿನಿಂದ ಮುಚ್ಚಿ ಮೊದಲ ಮೂರನ್ನು ಮಾತ್ರ ನೋಡಿದರೂ ಸಾಕು, ಕಾಗದವು ನೆರೆಯದೋ ಹೊರಗಿನದೋ ತಿಳಿದುಹೋಗುತ್ತದೆ.

ಗಣಕಯಂತ್ರಗಳ ಲೋಕದಲ್ಲಿಯೂ ಈ ಬೆರಳಿನ ಕೆಲಸವನ್ನು ಮಾಡುವ ಸಂಖ್ಯೆಯೊಂದುಂಟು. ಅದರ ಹೆಸರು ಸಬ್‌ನೆಟ್ ಮಾಸ್ಕ್, ಅಂದರೆ ಉಪಜಾಲದ ಮುಸುಕು.

ಮನೆಯಲ್ಲಾಗಲಿ ಸಣ್ಣ ಕಚೇರಿಯಲ್ಲಾಗಲಿ ಗಣಕಯಂತ್ರ, ಮೊಬೈಲು, ಪ್ರಿಂಟರುಗಳು ರೂಟರ್ ಎಂಬ ಪೆಟ್ಟಿಗೆಯ ಮೂಲಕ ಕೂಡಿ ಒಂದು ಜಾಲವಾಗುತ್ತವೆ. ಪ್ರತಿಯೊಂದಕ್ಕೂ 192.168.1.20 ಎಂಬಂತಹ ಐಪಿ ವಿಳಾಸವಿರುತ್ತದೆ. ಇದರ ನಾಲ್ಕು ಭಾಗಗಳಲ್ಲಿ ಒಂದೊಂದೂ 0ಯಿಂದ 255ರವರೆಗಿನ ಸಂಖ್ಯೆ. ಪಿನ್ ಸಂಖ್ಯೆಯಲ್ಲಿ ಜಿಲ್ಲೆಯ ಅಂಕಿಗಳು ಎಂದಿಗೂ ಮೂರೇ. ಐಪಿ ವಿಳಾಸದಲ್ಲಾದರೋ ಜಾಲದ ಭಾಗವು ಎಲ್ಲಿಗೆ ಮುಗಿಯುತ್ತದೆ ಎಂಬುದು ಜಾಲದಿಂದ ಜಾಲಕ್ಕೆ ಬದಲಾಗಬಹುದು. ಆ ಗಡಿಯನ್ನು ಮಾಸ್ಕ್ ತಿಳಿಸುತ್ತದೆ.

ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾಸ್ಕ್ 255.255.255.0. 255 ಇರುವ ಕಡೆ ವಿಳಾಸವನ್ನು ಹೋಲಿಸಬೇಕು. 0 ಇರುವ ಕಡೆ ಮುಚ್ಚಬೇಕು. ಆಗ 192.168.1.20 ಮತ್ತು 192.168.1.150 ಎರಡೂ ಒಂದೇ ಜಾಲದವು. ಇಂತಹ ಜಾಲದಲ್ಲಿ 256 ಸಂಖ್ಯೆಗಳಿವೆ. ಮೊದಲನೆಯದು ಜಾಲದ ಹೆಸರಿಗೆ, ಕೊನೆಯದು ಎಲ್ಲರನ್ನೂ ಒಮ್ಮೆಗೇ ಕರೆಯುವುದಕ್ಕೆ ಮೀಸಲು. ಯಂತ್ರಗಳಿಗೆ ಉಳಿಯುವುದು 254.

ಈಗ ಮಾಸ್ಕನ್ನು 255.255.255.128 ಎಂದು ಬದಲಿಸೋಣ. ಯಂತ್ರವು ಪ್ರತಿ ಭಾಗವನ್ನೂ ಎಂಟು ದ್ವಿಮಾನ ಅಂಕಿಗಳಲ್ಲಿ ಓದುತ್ತದೆ. 128 ಎಂದರೆ 10000000. ಆದ್ದರಿಂದ ಕೊನೆಯ ಭಾಗದ ಮೊದಲ ಅಂಕಿಯನ್ನೂ ಹೋಲಿಸಬೇಕು. 20 ಎಂದರೆ 00010100, 150 ಎಂದರೆ 10010110. ಮೊದಲ ಅಂಕಿಯೇ ಬೇರೆ! ನೆರೆಯವರಾಗಿದ್ದವರು ಎರಡು ಉಪಜಾಲಗಳಿಗೆ ಸೇರಿದರು. ಹೀಗೆ ಒಡೆಯುವ ಕ್ರಮವನ್ನು 1985ರಲ್ಲಿ ಜೆಫ್ರಿ ಮೊಗಲ್ ಮತ್ತು ಜಾನ್ ಪೋಸ್ಟೆಲ್ ಎಂಬವರು ನಿಯಮರೂಪದಲ್ಲಿ ಬರೆದಿಟ್ಟರು. ಶಾಲೆಯೊಂದರಲ್ಲಿ ಲೆಕ್ಕಪತ್ರದ ಯಂತ್ರಗಳನ್ನೂ ವಿದ್ಯಾರ್ಥಿಗಳ ಯಂತ್ರಗಳನ್ನೂ ಬೇರೆ ಬೇರೆ ಉಪಜಾಲಗಳಲ್ಲಿರಿಸಿದರೆ, ನಡುವೆ ನಿಂತ ರೂಟರು ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬುದನ್ನು ನಾವು ನಿಶ್ಚಯಿಸಬಹುದು.

ಗಡಿ ತಪ್ಪಿದರೆ ಆಗುವುದೇನು? 192.168.1.20 ಎಂಬ ಯಂತ್ರಕ್ಕೆ 255.255.0.0 ಎಂಬ ಮಾಸ್ಕನ್ನು ತಪ್ಪಾಗಿ ಕೊಟ್ಟರೆ, ಬೇರೆ ಜಾಲದಲ್ಲಿರುವ 192.168.2.15 ಅದಕ್ಕೆ ನೆರೆಯದೆಂದೇ ತೋರುತ್ತದೆ. ರೂಟರಿಗೆ ಒಪ್ಪಿಸಬೇಕಾದ ಸಂದೇಶಕ್ಕಾಗಿ ಅದು ತನ್ನ ಬೀದಿಯಲ್ಲಿಯೇ ಕೂಗುತ್ತದೆ, ಓಗೊಡುವವರಿಲ್ಲ. ತಂತಿಯೂ ಸರಿ, ಯಂತ್ರವೂ ಸರಿ. ಕೆಲಸ ಮಾತ್ರ ನಿಂತಿತು.

ಇತರರ ವಿಳಾಸವನ್ನು ಅರಿತರಷ್ಟೇ ಸಾಲದು. ನಮ್ಮ ನೆರೆ ಎಲ್ಲಿಯವರೆಗೆ ಎಂಬುದನ್ನೂ ಅರಿತಿರಬೇಕು. ಮಾಸ್ಕ್ ಯಂತ್ರಕ್ಕೆ ಕಲಿಸುವ ಪಾಠ ಇದೇ.

ಅಭ್ಯಾಸ

1. ಪಿನ್ ಸಂಖ್ಯೆಗೂ ಐಪಿ ವಿಳಾಸಕ್ಕೂ ಇರುವ ಒಂದು ಸಾಮ್ಯವನ್ನೂ ಒಂದು ವ್ಯತ್ಯಾಸವನ್ನೂ ಬರೆಯಿರಿ.
2. ಮಾಸ್ಕ್ 255.255.255.128 ಆಗಿದ್ದರೆ 192.168.1.100 ಮತ್ತು 192.168.1.130 ಒಂದೇ ಉಪಜಾಲದವೇ? ಕಾರಣ ಕೊಡಿ.