ಚಿಪ್ಪು ಒಡೆಯುವ ಅವಸರ ಬೇಡ



ಹೇಮಾವತಿಯ ನೀರು ಕಂಡ ನಮ್ಮ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಊರುಗಳಲ್ಲಿ ಕೋಳಿಗಳ ಜೊತೆಗೆ ನಾಲ್ಕು ಬಾತುಗಳನ್ನೂ ಸಾಕೋಣ ಎನ್ನುವವರಿದ್ದಾರೆ. ಬೆಂಗಳೂರಿನ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆ ಬೆಳೆಸುವ ಖಾಕಿ ಕ್ಯಾಂಪ್‌ಬೆಲ್ ತಳಿ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡಬಲ್ಲದು. ಆದರೆ ಈ ತಳಿ ಕಾವಿಗೆ ಕೂರುವುದು ಅಪರೂಪ. ಆದುದರಿಂದ ಮನೆಯಲ್ಲಿ ಮರಿ ಮಾಡಿಸುವವರು ಬಾತಿನ ಮೊಟ್ಟೆಯನ್ನು ನಾಟಿ ಹೇಂಟೆಯ ಅಡಿಯಲ್ಲಿ ಇಡುತ್ತಾರೆ.

ಹೇಂಟೆಯ ಸ್ವಂತ ಮೊಟ್ಟೆಗೆ 21 ದಿನದ ಕಾವು ಸಾಕು. ಬಾತಿನ ಮೊಟ್ಟೆಗೆ 28 ದಿನ ಬೇಕು. ತನ್ನದಲ್ಲದ ಮರಿಗಾಗಿ ಅದು ಒಂದು ವಾರ ಹೆಚ್ಚು ಕೂರಬೇಕು. ಅದಕ್ಕೆ ದಿನವೂ ಕಾಳು, ನೀರು ತಪ್ಪಿಸಬೇಡಿ. ತಾಯಿಬಾತು ಒದ್ದೆ ಪುಕ್ಕದಲ್ಲಿ ಬಂದು ಕೂರುತ್ತದೆ, ಹೇಂಟೆಯ ಮೈ ಒಣಗಿರುತ್ತದೆ. ಆದಕಾರಣ ಎರಡನೆಯ ವಾರದಿಂದ ಮೊಟ್ಟೆಗಳ ಮೇಲೆ ಉಗುರುಬೆಚ್ಚಗಿನ ನೀರನ್ನು ದಿನಕ್ಕೊಮ್ಮೆ ಹಗುರಾಗಿ ಚಿಮುಕಿಸಿ. ಬಾತಿನ ಮೊಟ್ಟೆ ದೊಡ್ಡದು. ಹೇಂಟೆ ಸರಿಯಾಗಿ ಹೊರಳಿಸಲಾರದು. 25ನೆಯ ದಿನದವರೆಗೆ ನೀವೇ ಹೊರಳಿಸಿ.

ಕಾಯುವುದೂ ಸಹಾಯವೇ

ಒಂದು ದಿನ ಮೊಟ್ಟೆಯೊಳಗಿಂದ ಚಿಂವ್ ಚಿಂವ್ ಕೇಳಿಸುತ್ತದೆ. ಚಿಪ್ಪಿನಲ್ಲಿ ಸಣ್ಣ ತೂತು ಕಾಣುತ್ತದೆ. ಆಮೇಲೆ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಮಕ್ಕಳು, "ಅಪ್ಪಾ, ಸಿಪ್ಪೆ ಬಿಡಿಸೋಣ" ಎಂದು ಪೀಡಿಸುತ್ತಾರೆ. ಬೇಡ! ನಾನೂ ಚಿಕ್ಕವನಿದ್ದಾಗ ಹಾಗೆ ಬಿಡಿಸಿದೆ. ಬಿಳಿಯ ಪೊರೆಯಿಂದ ರಕ್ತ ಜಿನುಗಿತು. ಸಂಜೆಯೊಳಗೆ ಮರಿ ಸತ್ತಿತು. ಅದನ್ನು ಕೊಂದದ್ದು ನನ್ನ ಕನಿಕರವೇ.

ಕಾರಣವೇನು? ನಾವು ಏನೂ ನಡೆಯುತ್ತಿಲ್ಲ ಎಂದುಕೊಳ್ಳುವ ಆ ಹೊತ್ತಿನಲ್ಲೇ ದೊಡ್ಡ ಕೆಲಸ ಸಾಗಿರುತ್ತದೆ. ಮರಿ ಶ್ವಾಸಕೋಶದಿಂದ ಉಸಿರಾಡಲು ಕಲಿಯುತ್ತದೆ. ಪೊರೆಯ ನರಗಳಲ್ಲಿರುವ ರಕ್ತವನ್ನೂ ಉಳಿದ ಹಳದಿ ಭಂಡಾರವನ್ನೂ ಹೊಟ್ಟೆಯೊಳಕ್ಕೆ ಸೆಳೆದುಕೊಳ್ಳುತ್ತದೆ. ಮೊದಲ ತೂತಿನಿಂದ ಹೊರಬರುವವರೆಗೆ ಒಂದರಿಂದ ಎರಡು ದಿನ ಹಿಡಿಯುವುದು ಸಹಜ.

ಕೈ ಹಾಕಬೇಕಾದಾಗ

ಹಾಗೆಂದು ಎಂದಿಗೂ ಕೈಕಟ್ಟಿ ಕೂರಬೇಕೆಂದಲ್ಲ. ತೂತು ಬಿದ್ದು ಒಂದೂವರೆ ದಿನವಾದರೂ ಅದು ದೊಡ್ಡದಾಗದಿದ್ದರೆ, ಪೊರೆ ಕಂದಾಗಿ ಕಾಗದದಂತೆ ಒಣಗಿ ಮರಿಗೆ ಅಂಟಿಕೊಂಡಿದ್ದರೆ ಸಹಾಯ ಬೇಕು. ಕೈ ತೊಳೆದುಕೊಂಡು ಪೊರೆಯನ್ನು ಬೆಚ್ಚಗಿನ ನೀರಿನ ಹತ್ತಿಯಿಂದ ನೆನೆಸಿ. ಮರಿಯ ಮೂಗಿಗೆ ನೀರು ತಾಗಬಾರದು. ಮೊಟ್ಟೆಯ ದಪ್ಪ ತುದಿಯ ಕಡೆ ಚಿಪ್ಪನ್ನು ಚೂರುಚೂರೇ ತೆಗೆಯಿರಿ. ಕೆಂಪು ನರ ಕಂಡರೆ, ಒಂದು ಹನಿ ರಕ್ತ ಬಂದರೆ ಅಲ್ಲಿಗೇ ನಿಲ್ಲಿಸಿ, ಬೆಚ್ಚಗಿಟ್ಟು ಕೆಲವು ಗಂಟೆ ಕಾಯಿರಿ. ಮರಿಯನ್ನು ಹಿಡಿದು ಎಳೆಯಲೇಬೇಡಿ. ಕೊನೆಯ ಒದೆತ ಅದರದೇ ಆಗಿರಲಿ.

ಹೊರಬಂದ ಮೇಲೆ

ಹೊಟ್ಟೆಗೆ ಸೆಳೆದುಕೊಂಡ ಭಂಡಾರವೇ ಮರಿಯ ಮೊದಲ ದಿನದ ಬುತ್ತಿ. ಮೈ ಆರುವವರೆಗೆ ಹೇಂಟೆಯ ರೆಕ್ಕೆಯಡಿ ಇರಲಿ. ಹೇಂಟೆ ಒಪ್ಪದಿದ್ದರೆ ಪೆಟ್ಟಿಗೆಯೊಂದರಲ್ಲಿ ಬಲ್ಬು ತೂಗುಹಾಕಿ. ಮೊದಲ ವಾರ 32 ಡಿಗ್ರಿಯಷ್ಟು ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಮರಿಗಳು ಗುಂಪುಗೂಡಿದರೆ ಚಳಿ, ದೂರ ಸರಿದು ಬಾಯಿ ತೆರೆದರೆ ಸೆಕೆ ಎಂದು ತಿಳಿಯಿರಿ. ಬರೀ ಪತ್ರಿಕೆ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ; ಗೋಣಿ ಹಾಸಿ.

ಕುಡಿಯುವ ನೀರು ಮೂಗು ತೊಳೆದುಕೊಳ್ಳುವಷ್ಟು ಆಳವಿರಲಿ, ಇಳಿದು ಮುಳುಗುವಷ್ಟಲ್ಲ. ತಾಯಿಬಾತಿನ ಪುಕ್ಕದ ಎಣ್ಣೆ ತಗಲದ ಮರಿ ನೀರಿನಲ್ಲಿ ತೊಯ್ದು, ನಡುಗಿ ಸಾಯುತ್ತದೆ. ಮೈತುಂಬ ಪುಕ್ಕ ಬರುವವರೆಗೆ ಕೆರೆಗೂ ನಾಲೆಗೂ ಬಿಡಬೇಡಿ. ಮೇವನ್ನು ನೆನೆಸಿ ಕೊಡಿ. ಬೂಷ್ಟು ಹಿಡಿದ ಮುಸುಕಿನ ಜೋಳ, ಕಡಲೆಕಾಯಿ ಹಿಂಡಿ ಮಾತ್ರ ಸುತರಾಂ ಬೇಡ. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ಹಿಂಡಿ ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳೂ ಬಾತುಮರಿಗಳೂ ಸತ್ತವು. ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾದದ್ದು ಆಗಲೇ. ಬಾತುಮರಿಗೆ ಅದರ ಅಲ್ಪಾಂಶವೂ ಮಾರಕ. ಮರಿಗಳನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಲಿ.

ಮನೆಗೊಂದು ಪಾಠ

ಮತ್ತಾಯನ ಶುಭಸಂದೇಶದಲ್ಲಿ ಪ್ರಭು ಯೇಸು ತಮ್ಮನ್ನು ಮರಿಗಳನ್ನು ರೆಕ್ಕೆಯಡಿ ಕೂಡಿಸಿಕೊಳ್ಳುವ ಹೇಂಟೆಗೆ ಹೋಲಿಸಿಕೊಂಡಿದ್ದಾರೆ. ಹೇಂಟೆ ಚಿಪ್ಪು ಒಡೆಯುವುದಿಲ್ಲ, ಕಾವು ಕೊಡುತ್ತದೆ. ನಾವಾದರೋ ಅನೇಕ ವೇಳೆ ತಿರುಗುಮುರುಗು ಮಾಡುತ್ತೇವೆ. ಮಗಳ ಶಾಲೆಯ ಲೆಕ್ಕವನ್ನು ನಾವೇ ಮಾಡಿಕೊಟ್ಟು ಚಿಪ್ಪು ಒಡೆಯುತ್ತೇವೆ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ, ಚಳಿಯಲ್ಲಿ ನಡುಗುವ ಹೊತ್ತಿನಲ್ಲಿ, "ಬೆಳೆದಿದ್ದಾನಲ್ಲ" ಎಂದು ತಿಂಗಳುಗಟ್ಟಲೆ ವಿಚಾರಿಸುವುದಿಲ್ಲ.

ಒಂದು ದಿನ ಪುಕ್ಕ ಬಂದ ಮರಿಗಳು ಕೆರೆಗೆ ಇಳಿಯುತ್ತವೆ. ಈಜು ಬಾರದ ಹೇಂಟೆ ದಡದಲ್ಲಿ ಕೂಗುತ್ತ ಅತ್ತಿಂದಿತ್ತ ಓಡಾಡುತ್ತದೆ. ತಾಯಂದಿರೇ, ತಂದೆಯಂದಿರೇ, ಅದರ ಸಂಕಟ ನಿಮಗೆ ತಿಳಿದದ್ದೇ. ಕಂಗೆಡಬೇಡಿ. ನೀವು ಕೊಟ್ಟ ಕಾವಿನಿಂದಲೇ ಅವು ಈಜುತ್ತಿವೆ. ಸಂಜೆ ಮರಳಿ ಬರಲು ಮನೆಯಲ್ಲಿ ಬೆಚ್ಚನೆಯ ಜಾಗವಿರಲಿ.