ಮೊದಲು ಉಣ್ಣಿ ಎಣಿಸಿ, ಆಮೇಲೆ ಔಷಧಿ

ಪ್ರಶ್ನೆ: ಗರಗದ ನಮ್ಮ ದನದ ಕೊಟ್ಟಿಗೆಯಲ್ಲಿ ಎಷ್ಟು ಔಷಧಿ ಹೊಡೆದರೂ ಉಣ್ಣಿ ಹೋಗುತ್ತಿಲ್ಲ. ಮಂಗನಕಾಯಿಲೆ ಬರಬಹುದೇ?

ಪಶುವೈದ್ಯರ ಉತ್ತರ: 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣ್ಣಿ. ನಿಮ್ಮ ದನಗಳಿಗೆ ಹೆಚ್ಚಿನ ಅಪಾಯ ಉಣ್ಣಿಯಿಂದಲೇ ಹರಡುವ ಥೈಲೇರಿಯಾ, ಬೆಬೀಸಿಯಾ ಜ್ವರಗಳದು.

ಔಷಧಿಗೂ ಉಣ್ಣಿ ಏಕೆ ಹೋಗುತ್ತಿಲ್ಲ ಎಂದು ತಿಳಿಯಲು ವಾರಕ್ಕೊಮ್ಮೆ, ಬೆಳಿಗ್ಗೆ, ಪ್ರತಿ ದನದ ಒಂದೇ ಮಗ್ಗುಲಲ್ಲಿ ಉಬ್ಬಿದ ಉಣ್ಣಿಗಳನ್ನು ಎಣಿಸಿ. ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡ ಬಿಡಬೇಡಿ. ಸಂಖ್ಯೆಯ ಜೊತೆ ದಿನಾಂಕ, ಮಳೆ, ಬಿಸಿಲು, ಔಷಧಿ ಹೊಡೆದ ದಿನ ಬರೆದಿಡಿ. ಮೇವಿನ ಹುಲ್ಲಿನ ಮೇಲೆ ಒಂದು ಮೀಟರ್ ಅಗಲದ ಬಿಳಿ ಖಾದಿ ಬಟ್ಟೆಯನ್ನು ನಿಧಾನವಾಗಿ ಎಳೆಯಿರಿ. ಹತ್ತಿಕೊಂಡ ಮರಿಗಳನ್ನೂ ಎಣಿಸಿ. ಗೋಡೆಯ ಬಿರುಕು, ಗೋದಲಿಯ ಸಂದುಗಳನ್ನು ಟಾರ್ಚ್ ಹಿಡಿದು ನೋಡಿ. ತೇವವಿರುವಲ್ಲಿ ಮೊಟ್ಟೆ, ಮರಿಗಳು ಹೆಚ್ಚು ಕಾಲ ಬದುಕುತ್ತವೆ.

ಬಿರುಕಿನಲ್ಲೇ ಹೆಚ್ಚು ಕಂಡರೆ ಗೋಡೆ ಗಿಲಾವು ಮಾಡಿಸಿ. ಹುಲ್ಲಿನಲ್ಲಿ ಹೆಚ್ಚಿದ್ದರೆ ಮೇಯಿಸುವ ಜಾಗ ಬದಲಿಸಿ. ಔಷಧಿ ಹೊಡೆದ ಮೇಲೂ ಲೆಕ್ಕ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸಬೇಡಿ. ವೈದ್ಯರನ್ನು ಕೇಳಿ ಬೇರೆ ಗುಂಪಿನ ಔಷಧಿ ಬಳಸಿ.

ಉಣ್ಣಿಯನ್ನು ಬೆರಳಲ್ಲಿ ಹಿಸುಕಬೇಡಿ. ಚಿಮಟದಿಂದ ಕಿತ್ತು, ಕೆಲವನ್ನು ಸ್ಪಿರಿಟ್ ಶೀಶೆಯಲ್ಲಿ ಹಾಕಿ, ದಿನಾಂಕ ಬರೆದು ಪಶು ಆಸ್ಪತ್ರೆಗೆ ಕೊಡಿ, ಜಾತಿ ಗುರುತಿಸಬಹುದು.

ದನಕ್ಕೆ ಜ್ವರ, ಹೆಗಲ ಮುಂದಿನ ಗಂಟು ಊದುವುದು, ಕಾಫಿ ಬಣ್ಣದ ಮೂತ್ರ ಕಂಡರೆ ಅದೇ ದಿನ 1962ಕ್ಕೆ ಕರೆ ಮಾಡಿ. ಉಣ್ಣಿ ಕಚ್ಚಿದ ನಂತರ ಮನೆಯವರಿಗೆ ಜ್ವರ ಬಂದರೆ ಸರಕಾರಿ ಆಸ್ಪತ್ರೆಗೆ ಹೋಗಿ, ಕಚ್ಚಿದ್ದನ್ನು ತಪ್ಪದೆ ಹೇಳಿ.